ಕೈ ಏಳುವ ಮುನ್ನ

ನಮ್ಮ ಸೋದರಮಾವನ ಎದುರು ನೆಮ್ಮದಿಯಾಗಿ ಮೂಗು ತುರಿಸಿಕೊಂಡವರು ಬಿಜಾಪುರದ ಇಡೀ ಜಲನಗರದಲ್ಲಿ ಒಬ್ಬರೂ ಇರಲಿಲ್ಲ. ತುರಿಸಿಕೊಳ್ಳುವ ಮೊದಲೇ ಆತನಿಗೆ ಅದು ಗೊತ್ತಾಗಿಬಿಡುತ್ತಿತ್ತು! ನೀರು ಬೇಕೆಂದು ನೀವು ಕೈ ಚಾಚುವಷ್ಟರಲ್ಲಿ ತಂಬಿಗೆ ನಿಮ್ಮ ಮುಂದಿರುತ್ತಿತ್ತು. ಉಪಕಾರವೇ, ಒಪ್ಪಿದೆ. ಆದರೆ ಮೈ ಜುಮ್ಮೆನ್ನುತ್ತಿತ್ತಲ್ಲ, ಅದಕ್ಕೇನು ಮಾಡೋಣ?

ಇದೆಲ್ಲ ಮಂಗನಿಂದ ಬಂದ ವಿದ್ಯೆ. ಎಪ್ಪತ್ತರ ದಶಕದ ಮೊದಲಿಗೆ ಮಾವ ಮುಂಬಯಿಯ ಒಂದು ಪ್ರಯೋಗಶಾಲೆಯಲ್ಲಿ ಮಂಗಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ. ಅಲ್ಲಿ ಮಂಗನ ಮಿದುಳಿಗೆ ಕೂದಲಿಗಿಂತ ಸಣ್ಣ ತಂತಿ ಇಳಿಸಿ, ಒಳಗಿನ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತಿದ್ದರಂತೆ. ಮೊದಲು ಜೋಳದ ಅರಳು ಸಿಡಿದಂತೆ ಪಟಪಟ, ಆಮೇಲೆ ಮಂಗನ ಕೈ ಏಳುತ್ತಿತ್ತು! ಸದ್ದು ಹೆಚ್ಚಾದರೆ ಗಡಿಯಾರದಂಥ ಒಂದು ಡಬ್ಬಿಯ ಮುಳ್ಳು ಸರಿಯುತ್ತಿತ್ತು. ಮುಳ್ಳು ಸರಿದರೆ ಮಂಗನ ಬಾಯಿಗೆ ಹಣ್ಣಿನ ರಸ. ಬರಬರುತ್ತ ಮಂಗ ಕೈಯನ್ನೇ ಅಲ್ಲಾಡಿಸದೆ, ಬರೀ ಮನಸ್ಸಿನಿಂದ ಮುಳ್ಳು ಸರಿಸಿ ರಸ ಕುಡಿಯತೊಡಗಿತು. ಕೈಕಾಲು ಬಿದ್ದವರು ಮುಂದೊಂದು ದಿನ ಹೀಗೇ ಯಂತ್ರ ನಡೆಸುತ್ತಾರೆ ಎಂದು ಅಲ್ಲಿನ ಡಾಕ್ಟರು ಹೇಳುತ್ತಿದ್ದರಂತೆ.

ಒಂದು ದಿನ ಮಂಗ ರಸ ಬಿಟ್ಟು ಮಾವನನ್ನೇ ನೋಡುತ್ತ ಕೂತಿತು. ಅದರ ಕೈ ಕಟ್ಟಿಹಾಕಿದ್ದರು. ಸ್ಪೀಕರು ಮಾತ್ರ ಸಿಡಿಯುತ್ತಲೇ ಇತ್ತು.

"ಅದು ನನ್ನ ಕಡೆ ಕೈ ಚಾಚಾಕತ್ತಿತ್ತು," ಎನ್ನುತ್ತಿದ್ದ ಮಾವ.

ಮರುದಿನವೇ ಕೆಲಸ ಬಿಟ್ಟು ಬಿಜಾಪುರದ ದಾರಿ ಹಿಡಿದ. ಆದರೆ ಆ ಸದ್ದು ಬೆನ್ನು ಬಿಡಲಿಲ್ಲ. ಈಗ ಎಲ್ಲರ ತಲೆಯಿಂದಲೂ ಕೇಳತೊಡಗಿತು!

ಬಬಲೇಶ್ವರಕ್ಕೆ ಹೆಣ್ಣು ನೋಡಲು ಹೋದಾಗ ಹೆಣ್ಣಿನ ಅಪ್ಪ ಉದ್ಯೋಗ ವಿಚಾರಿಸಿದರು. ಮಾವ ಮಂಗನ ಕಥೆಯನ್ನೇ ಬಿಚ್ಚಿದ. ಮಾರುತಿಯ ತಲೆಗೆ ತಂತಿ ಚುಚ್ಚುವುದೆಂದರೆ! ಹಿರಿಯರು ಇನ್ನೂ ತುಟಿ ಬಿಚ್ಚಿರಲಿಲ್ಲ, ಮಾವ ಎದ್ದು ಚಪ್ಪಲಿ ಮೆಟ್ಟಿದ್ದ.

"ಎದ್ದು ನಡೀರಿ ಅನ್ನಾಂವಿದ್ದೆ, ನಿಮಗ ಹೆಂಗ ತಿಳೀತ್ರಿ?" ಎಂದು ಅವರೇ ಬೆವರಿದರು. ಮಾವನ ಮುಂದಿನ ಅವಲಕ್ಕಿ ಚೂಡಾದ ತಾಟು ಮಾತ್ರ ಅಷ್ಟರಲ್ಲಿ ಖಾಲಿಯಾಗಿತ್ತು.

ಹೀಗೆ ನಗುನಗುತ್ತ ಇರುವಾಗಲೇ ತಿಕೋಟಾದಲ್ಲಿ ನಮ್ಮ ಆಯಿಗೆ, ಅಂದರೆ ಮಾವನ ತಾಯಿಗೆ, ಲಕ್ವಾ ಹೊಡೆಯಿತು. ಜಲನಗರದ ನಮ್ಮ ಮನೆಗೆ ತಂದು ಮಲಗಿಸಿದೆವು. ಕೈಕಾಲಿಲ್ಲ, ಮಾತಿಲ್ಲ, ಕಣ್ಣು ಸೂರಿಗೆ ನೆಟ್ಟಿತ್ತು. ಚಮಚದಲ್ಲಿ ಹಾಕಿದ ಹಾಲು ಅರ್ಧ ಹೊರಗೇ ಬರುತ್ತಿತ್ತು. ಒಳಗೆ ಏನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ, ಬಂಧುಗಳು ಆಯಿಯ ಎದುರೇ ಆಕೆಯನ್ನು ಮಣ್ಣು ಮಾಡುವ ಮಾತಾಡತೊಡಗಿದರು. ಮಾವನ ಅಣ್ಣ, ನಮ್ಮ ದೊಡ್ಡಮಾವ, ಗಂಗಾಜಲದ ಗಿಂಡಿಯ ಬೆಸುಗೆ ಒಡೆಸಿ ಇಟ್ಟ. ಇನ್ನು ಹಾಲು ನಿಲ್ಲಿಸಿ ಇದನ್ನೇ ಹಾಕಿ, ಮುದುಕಿ ಸುಖವಾಗಿ ಹೋಗಲಿ ಎಂದ.

ಮಾವ ಮಾತ್ರ ಹಾಸಿಗೆಯ ಪಕ್ಕ ಕೂತು ಆಯಿಯ ಬಲಗೈಯನ್ನೇ ನೋಡುತ್ತಿದ್ದ.

"ತಡೀರಿ," ಎಂದ. "ಕೈ ಎತ್ತಾಕತ್ತಾಳ."

ಕೈ ಕಟ್ಟಿಗೆಯಂತೆ ಬಿದ್ದಿತ್ತು. ಎಲ್ಲಿ ಎತ್ತಿದ್ದಾಳೆ, ಹುಚ್ಚನ ಹಾಗೆ ಮಾತಾಡಬೇಡ ಎಂದು ನಮ್ಮವ್ವ ಅಳುತ್ತಲೇ ಗದರಿದಳು.

"ನನಗ ಕೇಳಾಕತ್ತೈತಿ ಅಕ್ಕಾ. ನೀ ಅಳಾಕತ್ತೀದಿ, ನಿನ್ನ ಕಣ್ಣು ಒರಸಬೇಕಂತಾಳ. ಬಗ್ಗು."

ಅವ್ವ ಬಗ್ಗಿದಳು. ಮಾವ ಆ ಕೈಯನ್ನು ಮೆಲ್ಲಗೆ ಎತ್ತಿ ಅವ್ವನ ಕೆನ್ನೆಗೆ ಮುಟ್ಟಿಸಿದ. ಸೂರಿಗೆ ನೆಟ್ಟಿದ್ದ ಆಯಿಯ ಕಣ್ಣು ನಿಧಾನವಾಗಿ ಅವ್ವನ ಕಡೆ ತಿರುಗಿತು. ತಿರುಗಿ, ತುಂಬಿ, ದಿಂಬಿನ ಮೇಲೆ ಹರಿಯಿತು. ನಮಗೆ ಆದ ಸಂತೋಷದಷ್ಟೇ ಭಯವೂ ಆಯಿತು. ಇಷ್ಟು ದಿನ ನಾವು ಆಡಿದ್ದನ್ನೆಲ್ಲ ಆಕೆ ಕೇಳಿದ್ದಳಲ್ಲ!

ದೊಡ್ಡಮಾವ ಗಿಂಡಿಯನ್ನು ದೇವರ ಕೋಣೆಗೆ ಒಯ್ದಿಟ್ಟ. ಆಮೇಲೆ ಹಾಲು ಆರಿ ಹೋಗಿದೆ ಎನ್ನುತ್ತ, ಕಾಸಲು ತಾನೇ ಒಳಗೆ ಹೋದ.