ಮೊಸರು ಕದಡದ ಮೋಟಾರ್ ಸೈಕಲ್ಲು

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರುತ್ತಾರೆ. ನನ್ನ ಪಾಲಿಗೆ ಹಾಗೆ ಬರುವುದು ನಗೆಪಾಟಲು. ಅದರಲ್ಲೂ ದಿನಾ ಓಡಾಡುವುದಕ್ಕೆ ಒಂದು ಆರಾಮಾದ ಮೋಟಾರ್ ಸೈಕಲ್ಲು ಬೇಕೆಂದು ನಾನು ಹಂಬಲಿಸಿದ ಆ ವರ್ಷ ತಿಪಟೂರಿನ ನಮ್ಮ ಬೀದಿಯವರಿಗೆ ಬೇರೆ ಮನರಂಜನೆಯೇ ಬೇಕಾಗಲಿಲ್ಲ. ಎಂಬತ್ತರ ದಶಕದ ಶುರು. ಹೊಸದಾಗಿ ಮದುವೆಯಾಗಿತ್ತು. ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಕಾಯಿಲೆ ಮಾತ್ರ ಹಳೆಯದು.

ಬಸ್ಸಿನಲ್ಲಿ ಸಂಸಾರ

ನನ್ನ ಹೆಂಡತಿ ಶೆಟ್ಟಿಕೆರೆಯಲ್ಲಿ ಟೀಚರು. ನಾನು ಅಲ್ಲಿಂದಲೂ ಮುಂದೆ, ಚಿಕ್ಕನಾಯಕನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಇಬ್ಬರಿಗೂ ಬೆಳಗಿನ ಒಂದೇ ಬಸ್ಸು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗೋಡೆಯ ಎರಡು ಕಡೆಯೂ ಮಕ್ಕಳಿದ್ದವು. ಹೆಂಡತಿಯ ಜೊತೆ ನಾಲ್ಕು ಮಾತಾಡುವುದಕ್ಕೆ ಬಸ್ಸೇ ಗತಿ ಅಂದುಕೊಂಡರೆ ಅಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ದಾರಿಯುದ್ದಕ್ಕೂ ತೆಂಗಿನ ತೋಟಗಳು. ಮರದ ನೆರಳೂ ಎಳೆಬಿಸಿಲೂ ಒಂದಾದ ಮೇಲೊಂದು ಅವಳ ಜಡೆಯ ಮೇಲೆ ಹಾಯ್ದು ಹೋಗುತ್ತಿದ್ದವು. ನಾನು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದೆ. ಮದುವೆಯಾಗಿ ಆರು ತಿಂಗಳಾದರೂ ನನಗೆ ಚೆನ್ನಾಗಿ ಪರಿಚಯವಾಗಿದ್ದದ್ದು ಆ ಜಡೆ ಮಾತ್ರ.

ಒಂದು ದಿನ ಅವಳು ಮುನಿಸಿಕೊಂಡು ಹೊರಟಿದ್ದಳು. ಜೀವ ತಡೆಯಲಿಲ್ಲ. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ ಮೆಲ್ಲಗೆ, "ಮುಂದೆ ಹೋದಾಗ ನಮ್ಮ ಮನೆಯವರಿಗೆ, ಕೋಪ ಹೋಯ್ತಾ ಅಂತ ಕೇಳ್ತೀರಾ?" ಅಂದೆ. ಆ ಪುಣ್ಯಾತ್ಮ ಮುಂದೆ ಹೋಗಲೇ ಇಲ್ಲ. ನಿಂತಲ್ಲಿಂದಲೇ ಕೂಗಿದ: "ಟೀಚರಮ್ಮಾ! ನಿಮ್ಮ ಯಜಮಾನ್ರು ಕೇಳ್ತಾವ್ರೆ, ಕೋಪ ಹೋಯ್ತಾ ಅಂತ!"

ಅವಳು ತಿರುಗಿ ನೋಡದೆ, "ಇನ್ನೂ ಇಲ್ಲ ಅಂತ ಹೇಳಿ," ಅಂದಳು.

ಮರುದಿನ ನಾವು ಬಸ್ಸು ಹತ್ತುವಾಗ ಡ್ರೈವರು ಕೂಡ ಎಂಜಿನ್ ನಿಲ್ಲಿಸಿ ಕೇಳಿದ: "ಹೋಯ್ತಾ?"

ಕಚೇರಿಯ ಪಂಡಿತರು

ಅವತ್ತೇ ತೀರ್ಮಾನ ಮಾಡಿದೆ. ಒಂದು ಮೋಟಾರ್ ಸೈಕಲ್ಲು ತೆಗೆದುಕೊಳ್ಳಬೇಕು. ಅವಳು ಹಿಂದೆ ಕೂರಬೇಕು. ತೋಟಗಳ ನಡುವೆ ತಂಪು ಗಾಳಿಯಲ್ಲಿ ಹೋಗುವಾಗ ಅವಳ ಕೈ ನನ್ನ ಹೆಗಲ ಮೇಲಿರಬೇಕು. ಇಷ್ಟೇ ನನ್ನ ಆಸೆ. ಅವಳು ಮಾತ್ರ, "ಸೊಂಟ ಉಳುಕೋ ಗಾಡಿ ಆದ್ರೆ ನಾನು ಹತ್ತಲ್ಲ, ನಂಗೆ ಬಸ್ಸೇ ಸಾಕು," ಅಂದುಬಿಟ್ಟಳು. ಹಾಗಾಗಿ ಗಾಡಿ ಓಡುವುದಕ್ಕಿಂತ ಹೆಚ್ಚಾಗಿ ಆರಾಮಾಗಿರಬೇಕಿತ್ತು.

ಕಚೇರಿಯಲ್ಲಿ ವಿಷಯ ಎತ್ತಿದ್ದೇ ತಡ, ಅವತ್ತು ಫೈಲುಗಳಿಗೆ ರಜ ಸಿಕ್ಕಿತು. ಹೊಸ ಗಾಡಿಗೆ ಹೆಸರು ಬರೆಸಿದರೆ ಸಿಗುವ ಹೊತ್ತಿಗೆ ಹಿಂದೆ ಕೂರಲು ಸೊಸೆ ಬಂದಿರುತ್ತಾಳೆ, ಹಳೆಯದನ್ನೇ ನೋಡು ಎಂದರು ಹೆಡ್ ಗುಮಾಸ್ತರು. ಆರಾಮ ಇರುವುದು ಸೀಟಿನಲ್ಲಿ ಎಂದರು ಒಬ್ಬರು. ಸ್ಪ್ರಿಂಗಿನಲ್ಲಿ ಎಂದರು ಇನ್ನೊಬ್ಬರು. ಜಗಳ ಜೋರಾಯಿತು. ಕೊನೆಗೆ, ಮೂವತ್ತು ವರ್ಷ ಸರ್ವೀಸಿನಲ್ಲಿ ಒಂದು ಸೈಕಲ್ಲನ್ನೂ ಕೊಳ್ಳದ ನಮ್ಮ ಸಾಹೇಬರು ಒಳಗಿನಿಂದ ಬಂದು ತೀರ್ಪು ಕೊಟ್ಟರು: "ನೋಡಪ್ಪ, ಇನ್ನೊಬ್ಬರ ಗಾಡಿಯ ಹಿಂದಿನ ಸೀಟಿನಷ್ಟು ಆರಾಮ ಯಾವುದರಲ್ಲೂ ಇಲ್ಲ. ನೀನು ಬೇಗ ತಗೋ."

ಅವ್ವನ ಮೊಸರು

ಹಳೆಯ ಗಾಡಿಗಳು ಒಂದೊಂದಾಗಿ ಮನೆ ಮುಂದೆ ಬರತೊಡಗಿದವು. ಆರಾಮು ಎನ್ನುವುದನ್ನು ಅಳೆಯುವುದು ಹೇಗೆ? ಅವ್ವ ಒಂದು ದಾರಿ ಹುಡುಕಿದಳು. ಒಂದು ಸ್ಟೀಲ್ ಡಬ್ಬಿಯಲ್ಲಿ ಗಡ್ಡೆ ಮೊಸರು ಹಾಕಿ, ಬಾಯಿ ಬಿಗಿದು, ಹಿಂದಿನ ಸೀಟಿಗೆ ಕಟ್ಟಿದಳು. "ಕೆರೆ ಏರಿವರ್ಗೂ ಹೋಗ್ಬಾ. ಮೊಸರು ಕದಡದಿದ್ರೆ ನನ್ನ ಸೊಸೆ ಕೂರ್ತಾಳೆ. ಕದಡಿದ್ರೆ ಗಾಡಿ ವಾಪಸ್ಸು."

ಮೊದಲನೆಯ ಗಾಡಿ ಹೋಗಿ ಬಂತು. ಮುಚ್ಚಳ ತೆಗೆದರೆ ಮಜ್ಜಿಗೆ. ಅವ್ವ ಒಂದು ಚಿಟಿಕೆ ಉಪ್ಪು ಹಾಕಿ ಗಾಡಿಯ ಯಜಮಾನನಿಗೇ ಕುಡಿಸಿ ಕಳಿಸಿದಳು.

ಎರಡನೆಯದು ಗುಡುಗಿನ ಹಾಗೆ ಸದ್ದು ಮಾಡುವ ದೊಡ್ಡ ಗಾಡಿ. ಅದರ ಮೇಲೆ ಕೂತಾಗ ನನ್ನ ಹಲ್ಲುಗಳೇ ಒಂದಕ್ಕೊಂದು ಮಾತಾಡಿಕೊಂಡವು. ವಾಪಸ್ಸು ಬಂದು ಡಬ್ಬಿ ತೆಗೆದರೆ ಮೇಲೆ ಬೆಣ್ಣೆ ತೇಲುತ್ತಿತ್ತು. ನಾನು ಸಪ್ಪೆ ಮುಖ ಹಾಕಿಕೊಂಡು ಗಾಡಿಯನ್ನು ತಿರುಗಿಸುತ್ತಿದ್ದರೆ ಅವ್ವ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡಳು.

"ಇದನ್ನ ಕಳಿಸಬ್ಯಾಡ ಕಣಪ್ಪ. ಸೊಸೆ ಬಸ್ಸಲ್ಲಿ ಹೋಗ್ಲಿ, ನನಗೆ ದಿನಾ ಕಡೆಯೋ ಕೆಲ್ಸ ತಪ್ಪುತ್ತೆ!"

ಮಾವ ಅಲ್ಲಾಡಿಸಿ ನೋಡಿದ್ದು

ಆಮೇಲೆ ಕಣಕ್ಕಿಳಿದವರು ನನ್ನ ಸೋದರಮಾವ. ಅವರು ಕೊಬ್ಬರಿ ವ್ಯಾಪಾರಿ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಆಮೇಲೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಒಳ್ಳೆ ಕೊಬ್ಬರಿ. ಸದ್ದಿಲ್ಲದಿದ್ದರೆ ಇನ್ನೂ ಹಸಿ. ಮಾವ ಜೀವಮಾನವೆಲ್ಲ ಮಾಡಿದ್ದು ಇದನ್ನೇ. ಕಣ್ಣಿಗಿಂತ ಅವರಿಗೆ ಕಿವಿಯ ಮೇಲೆ ನಂಬಿಕೆ.

ಪೇಟೆಯ ಒಬ್ಬ ನಿವೃತ್ತ ಅಧಿಕಾರಿಯ ಗಾಡಿ ಮಾರಾಟಕ್ಕಿತ್ತು. ಅವರಿಗೆ ಮೂಲವ್ಯಾಧಿ. ಆ ಕಾರಣಕ್ಕೆ ಸೀಟನ್ನು ಬಿಚ್ಚಿಸಿ, ಬೂರುಗದ ಹತ್ತಿ ತುಂಬಿಸಿ, ಮದುವಣಗಿತ್ತಿಯ ದಿಂಬಿನಂತೆ ಹೊಲಿಸಿದ್ದರು. ನಾನು ಅದರ ಮೇಲೆ ಕೂತೆ. ಕೂತವನಿಗೆ ಹಾಗೇ ಕಣ್ಣು ಮುಚ್ಚಿತು. ತೋಟ, ತಂಪು ಗಾಳಿ, ಹೆಗಲ ಮೇಲೆ ಕೈ ಎಲ್ಲವೂ ಬಂದವು. ಕಣ್ಣು ತೆರೆದರೆ ಮಾವ ಗಾಡಿಗೆ ಕಿವಿ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದಾರೆ.

ಒಳಗೆ ಲೊಟಲೊಟ, ಲೊಟಲೊಟ.

ಮಾವನ ಮುಖ ಅರಳಿತು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಒಳ್ಳೆ ಹದಕ್ಕೆ ಬಂದೈತೆ ಕಣ್ಲಾ. ಬುಡಬ್ಯಾಡ. ಹೊಸ ಗಾಡಿಗಳು ಅಲ್ಲಾಡ್ಸಿದ್ರೆ ಸದ್ದೇ ಬರಲ್ಲ, ಎಲ್ಲಾ ಹಸಿ!"

ಮೊಸರಿನ ಪರೀಕ್ಷೆಯೂ ಆಯಿತು. ಈ ಸಲ ಗಾಡಿ ಓಡಿಸಿದವರು ಮಾರುವವರೇ. ಕೆರೆ ಏರಿಯಿಂದ ನಮ್ಮ ಮನೆಯವರೆಗೆ ಇಳಿಜಾರು. ಎಂಜಿನ್ ನಿಲ್ಲಿಸಿಕೊಂಡು, ಹಂಸ ತೇಲಿದ ಹಾಗೆ ಇಳಿದು ಬಂದರು. ಯಾಕೆಂದು ಕೇಳಿದರೆ, ಪೆಟ್ರೋಲ್ ಉಳಿಯಲಿ ಅಂತ ಎಂದರು. ಡಬ್ಬಿಯ ಮೊಸರಿನ ಕೆನೆಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅವ್ವ ಆರತಿ ತಂದಳು. ಹೋಗುವಾಗ ಕೂಡ ಮಾರುವವರು ಗಾಡಿಯನ್ನು ಏರಿಯವರೆಗೆ ತಳ್ಳಿಕೊಂಡೇ ಹೋಗಿದ್ದರು ಎನ್ನುವುದನ್ನು ಅಣ್ಣನ ಮಗಳು ಹೇಳಿದ್ದು ದುಡ್ಡು ಎಣಿಸಿಕೊಟ್ಟು ಆರತಿ ಆದ ಮೇಲೆ.

ಎಲ್ಲಿಗೆ ಅನ್ನಬಾರದು

ಮೊದಲ ದಿನ ನಾವಿಬ್ಬರೂ ಹೊರಟೆವು. ಅವಳು ಮಧ್ಯೆ ಚೀಲ ಇಟ್ಟುಕೊಂಡು, ಸೀಟಿನ ಹಿಂದಿನ ಕಂಬಿಯನ್ನು ಹಿಡಿದು ಒಂದು ಪಕ್ಕಕ್ಕೆ ಕೂತಿದ್ದಳು. ಬೀದಿ ದಾಟುವವರೆಗೆ ಹೆಗಲು ಮುಟ್ಟುವ ಮಾತೇ ಇರಲಿಲ್ಲ. ಇನ್ನೇನು ಹೊರಡಬೇಕು, ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲಿಂದ, "ಎಲ್ಲಿಗ್ರಪ್ಪಾ ಹೊಂಟ್ರಿ ಜೋಡೀಲಿ?" ಅಂದುಬಿಟ್ಟಳು.

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ದೂರವಾ ಅಂತ ಕೇಳಬೇಕು. ನಮ್ಮ ಕಡೆ ಮಗುವಿಗೂ ಗೊತ್ತು. ಅವ್ವ ಕೆಂಡವಾದಳು. ನಮ್ಮನ್ನು ಇಳಿಸಿ, ನೀರು ಕುಡಿಸಿ, ಮತ್ತೆ ಹತ್ತಿಸಿ ಕಳಿಸಿದಳು.

ಊರು ದಾಟಿತು. ತೋಟಗಳು ಶುರುವಾದವು. ಗುರುತಿನ ಮುಖ ಒಂದೂ ಇಲ್ಲ. ಹಿಂದೆ ಚೀಲ ಸರಿದ ಸದ್ದು ಕೇಳಿತು. ಬಳೆಗಳ ಸದ್ದು ಹತ್ತಿರವಾಯಿತು. ನಾನು ಹೆಗಲನ್ನು ತುಸು ಹಿಂದಕ್ಕೆ ವಾಲಿಸಿದೆ. ಆಗಲೇ ಗಾಡಿ ಲೊಟಲೊಟ ಅಂದು, ಒಮ್ಮೆ ಕೆಮ್ಮಿ, ನಿಂತುಹೋಯಿತು. ಬಳೆಗಳು ವಾಪಸ್ಸಾದವು. ತುಳಿದು ತುಳಿದು ನನ್ನ ಚಪ್ಪಲಿ ಕಿತ್ತುಹೋಗುವ ಹೊತ್ತಿಗೆ ಹಿಂದಿನಿಂದ ನಮ್ಮ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕೇಳಿದ:

"ಟೀಚರಮ್ಮಾ, ಯಾರ್ಗೆ ಕೋಪ ಇವತ್ತು? ನಿಮ್ಗಾ, ಗಾಡಿಗಾ?"

ದೂರ ಹೋಗಿ ಬಂದದ್ದು

ಗಾಡಿ ಮತ್ತೆ ಓಡಲಿಲ್ಲ. ಅವ್ವ ಅಜ್ಜಿಯನ್ನು ಬೈದಳು. ಮಾವ, "ಸ್ವಲ್ಪ ಜಾಸ್ತಿ ಒಣಗಿಬಿಟ್ಟೈತೆ ಅಷ್ಟೇ," ಅಂದರು. ಮೆಕ್ಯಾನಿಕ್ ಬಿಚ್ಚಿ ನೋಡಿ, ಕೈ ಒರೆಸಿಕೊಂಡು, "ಸಾ, ನಿಂತಿರೋವಾಗ ಇಷ್ಟು ಚೆನ್ನಾಗಿರೋ ಗಾಡಿ ನಾನು ನೋಡೇ ಇಲ್ಲ," ಅಂದ. ಅದನ್ನು ಹಿತ್ತಲಿಗೆ ತಳ್ಳಿ ಸ್ಟ್ಯಾಂಡ್ ಹಾಕಿದೆವು. ನಾವು ಮತ್ತೆ ಬಸ್ಸು ಹತ್ತಿದೆವು, ಅವಳು ಮುಂದೆ, ನಾನು ಹಿಂದೆ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಅಳು ಬರುವುದೊಂದು ಬಾಕಿ.

ಆದರೆ ಸೀಟು ಮೆತ್ತಗಿತ್ತು. ಅತ್ತಿಗೆ ಅದರ ಮೇಲೆ ಕೂತು ಅವರೆಕಾಯಿ ಸುಲಿದಳು. ಅವ್ವ ಅದರ ಮೇಲೆ ಕೂತು ಬಿಸಿಲು ಕಾಯಿಸಿಕೊಂಡಳು. ಸೊಂಟ ನೋವಿನವರೆಲ್ಲ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು.

ಒಂದು ಸಂಜೆ ಮನೆಯವರೆಲ್ಲ ಯಾವುದೋ ಆರತಕ್ಷತೆಗೆ ಹೋಗಿದ್ದರು. ಹಿತ್ತಲಲ್ಲಿ ನಾವಿಬ್ಬರೇ. ನಾನು ಸುಮ್ಮನೆ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ಕೂತಳು. ಚೀಲ ಇರಲಿಲ್ಲ.

"ಎಲ್ಲಿಗೆ ಹೋಗೋಣ?" ಅಂದೆ.

"ಎಲ್ಲಿಗೆ ಅನ್ನಬಾರದು ಕಣ್ರೀ," ಅಂದಳು. ಸೆರಗು ಸಿಕ್ಕಿಸಿಕೊಂಡು, "ನಾನು ಸಮುದ್ರ ನೋಡಿಲ್ಲ."

ಹೊರಟೆವು. ಸ್ಟ್ಯಾಂಡ್ ತೆಗೆಯದೆಯೇ ಅರಳಗುಪ್ಪೆ ದಾಟಿತು. ಅರಸೀಕೆರೆ ಹಿಂದೆ ಬಿತ್ತು. ಹಾಸನದಲ್ಲಿ ಕಾಫಿ ಕುಡಿದೆವು. ಮೇಲೆ ತೆಂಗಿನ ಗರಿಗಳು ಸುಯ್ಯೆನ್ನುತ್ತಿದ್ದವು; ಘಟ್ಟ ಇಳಿಯುವ ಗಾಳಿಯೂ ಹಾಗೇ ಇರುತ್ತದೆ ಅಂದುಕೊಂಡೆ. ಅವಳು ಮನೆಯಲ್ಲಿ ಮದುವೆಯಾದಾಗಿನಿಂದ ಹೇಳಲಾಗದ ಮಾತುಗಳನ್ನೆಲ್ಲ ನನ್ನ ಕಿವಿಗೆ ಹೇಳಿದಳು. ನಾನೂ ಹೇಳಿದೆ. ಹೇಳುತ್ತ ಹೇಳುತ್ತ ಮೈಮರೆತು ಆಕ್ಸಿಲರೇಟರನ್ನು ಜೋರಾಗಿ ತಿರುಗಿಸಿಬಿಟ್ಟೆ.

ಅವಳು ತಟ್ಟನೆ ನನ್ನ ಹೆಗಲು ಹಿಡಿದಳು. "ನಿಧಾನ ಕಣ್ರೀ! ಮುಂದೆ ತಿರುವೈತೆ."

ಹಿಡಿದ ಕೈ ತೆಗೆಯಲಿಲ್ಲ. ನಾನೂ ನಿಧಾನ ಮಾಡಿದೆ.

ಅಷ್ಟರಲ್ಲಿ ಬೇಲಿಯಾಚೆ ಪಕ್ಕದ ಮನೆಯ ಅಜ್ಜಿಯ ತಲೆ ಕಾಣಿಸಿತು. ಅವಳು ನಮ್ಮನ್ನು ನೋಡಿದಳು, ನಿಂತ ಗಾಡಿಯನ್ನು ನೋಡಿದಳು. ಹೋದ ಸಲ ಬೈಸಿಕೊಂಡದ್ದು ನೆನಪಿಗೆ ಬಂದಿರಬೇಕು. ಬಾಯಿ ತೆರೆದವಳು ಮುಚ್ಚಿ, ಯೋಚಿಸಿ, ಬಹಳ ಎಚ್ಚರಿಕೆಯಿಂದ ಕೇಳಿದಳು:

"ದೂರ ಹೊಂಟ್ರೇನ್ರಪ್ಪಾ?"

ನನ್ನ ಹೆಂಡತಿ ಹೆಗಲ ಮೇಲಿನ ಕೈ ತೆಗೆಯದೆ ಹೇಳಿದಳು: "ಇಲ್ಲ ಕಣಜ್ಜಿ. ದೂರ ಹೋಗಿ ಈಗ ತಾನೇ ಬಂದ್ವಿ."