ಆರ್ವಿಡ್ ಅವರ ಕೊನೆಯ ಮಾತಿಗೆ ಕತ್ತರಿ ಹಾಕಿದ ಸರ್ವರ್‌ಗೆ

ಡುಲೂತ್ ಟಿವಿ ಕೇಂದ್ರದ ಹಿಂದಿನ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿರುವ, ನಮ್ಮ ಸಮಸ್ತ ವಿಡಿಯೊ ತುಣುಕುಗಳ ಒಡೆಯರಾದ ಸರ್ವರ್ ಮಹಾಶಯರಿಗೆ, ಆ ತುಣುಕುಗಳನ್ನು ಒಪ್ಪ ಮಾಡುವ ಮಾರ್ಲಿಸ್ ಹಾಗ್ಲುಂಡ್ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ದಯಮಾಡಿಸಿದ ಮೇಲೆ ನಮಗೆ ಶಿಸ್ತು ಬಂದಿದೆ. ಮೂರು ಸೆಕೆಂಡು ಯಾರೂ ಮಾತಾಡದಿದ್ದರೆ ತುಣುಕು ಮುಗಿಯಿತೆಂದು ತಿಳಿದು, ಮಿಕ್ಕದ್ದನ್ನು ಕತ್ತರಿಸಿ, ಜಾಗ ಉಳಿಸಲು ಮೂಲವನ್ನೂ ಅಳಿಸಿಬಿಡುವ ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು. ಅಳಿಸುವ ಮುನ್ನ ಒಪ್ಪಿಗೆಯನ್ನೂ ಕೇಳುತ್ತೀರಿ. ದಿನಕ್ಕೆ ಎಂಬತ್ತು ಸಲ ಕೇಳುವುದರಿಂದ ನಾವ್ಯಾರೂ ಓದದೆ ‘ಹೌದು’ ಒತ್ತುತ್ತೇವೆ. ಮೊನ್ನೆ ಗುರುವಾರ ನಾನೂ ಒತ್ತಿದೆ.

ಅಂದು ಹವಾಮಾನ ಹೇಳುವ ಆರ್ವಿಡ್ ಸ್ಟೆನ್‌ಸ್ರುಡ್ ಅವರ ಕೆಲಸದ ಕೊನೆಯ ದಿನ. ಆರು ಗಂಟೆಯ ವಾರ್ತೆಗೆಂದು ಅವರ ವಿದಾಯವನ್ನು ನಾಲ್ಕಕ್ಕೇ ರೆಕಾರ್ಡ್ ಮಾಡಿಕೊಂಡೆವು. ಸರೋವರದ ಗಾಳಿಯ ವೇಗ ಹೇಳಿ, ನೋಡುಗರಿಗೆ ವಂದಿಸಿ, ಆ ಮನುಷ್ಯ ಹನ್ನೊಂದು ಸೆಕೆಂಡು ಸುಮ್ಮನೆ ನಿಂತರು. ಆಮೇಲೆ ಹೆಂಡತಿಗೆ ಹೇಳಿದರು: “ಐರೀನ್, ಮೂವತ್ತೊಂದು ವರ್ಷ ರಾತ್ರಿ ಊಟಕ್ಕೆ ನೀನೊಬ್ಳೇ ಕೂತೆ. ನಾಳೆಯಿಂದ ನಾನೂ ಕೂರ್ತೀನಿ ಕಣೇ.” ಕ್ಯಾಮೆರಾದವನು ಕಣ್ಣೊರೆಸಿಕೊಂಡ. ತಾವು ಮಾತ್ರ ಎಳ್ಳಷ್ಟೂ ವಿಚಲಿತರಾಗದೆ ಮೂರನೇ ಸೆಕೆಂಡಿಗೇ ಕತ್ತರಿ ಹಾಕಿದಿರಿ.

ಆರಕ್ಕೆ ಐರೀನ್ ನೆರೆಹೊರೆಯವರಿಗೆಲ್ಲ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್ ಬಡಿಸಿ ಟಿವಿ ಮುಂದೆ ಕೂರಿಸಿಕೊಂಡಿದ್ದರು. ಬಂದದ್ದು ಗಾಳಿಯ ವೇಗ, ವಂದನೆ, ಅದರ ಬೆನ್ನಿಗೇ ಚಳಿಗಾಲದ ಟೈರಿನ ಜಾಹೀರಾತು. ಆರ್ವಿಡ್ ಇನ್ನೂ ಮನೆ ಸೇರಿರಲಿಲ್ಲ; ಐರೀನ್ ನನಗೆ ಫೋನು ಮಾಡಿದರು: “ಇಷ್ಟೇನಾ? ನನ್ನ ಹೆಸರೂ ಎತ್ತಲಿಲ್ವಾ ಅವ್ರು?”

ಟೈರಿನ ಜಾಹೀರಾತಿನ ನಾಲ್ಕು ಪ್ರತಿ ತಮ್ಮ ಹೊಟ್ಟೆಯಲ್ಲಿ ಭದ್ರವಾಗಿವೆ. ಆರ್ವಿಡ್ ಅವರ ಮಾತಿಗೆ ಜಾಗವಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದೆ. ಮತ್ತೊಮ್ಮೆ ಹೇಳಿ ಎಂದರೆ ಆರ್ವಿಡ್, “ಕ್ಯಾಮೆರಾ ಮುಂದೆ ಹೇಗೋ ಬಾಯಿಗೆ ಬಂತು. ಮನೇಲಿ ಅಂಥದ್ದೆಲ್ಲ ಹೇಳೋಕೆ ನಂಗೆ ಬರಲ್ಲಮ್ಮ” ಎನ್ನುತ್ತಾರೆ. ನಮ್ಮೂರಿನ ಗಂಡಸರೇ ಹಾಗೆ. ಆದ್ದರಿಂದ ತಾವೇ ಕೋಟು ಟೋಪಿ ಧರಿಸಿ, ಹಿಮ ತುಳಿದುಕೊಂಡು ಹೋಗಿ, ಬಾಗಿಲಲ್ಲಿ ಬೂಟು ಕಳಚಿಟ್ಟು, ಐರೀನ್ ಅವರಿಗೆ ಆ ಮಾತನ್ನು ಒಪ್ಪಿಸಿ ಬರಬೇಕಾಗಿ ಪ್ರಾರ್ಥನೆ. ಅವರು ಅತ್ತು ಸುಮ್ಮನಾದರೆ, ಮುಗಿಯಿತೆಂದು ತಿಳಿದು ಎದ್ದು ಬಂದುಬಿಡಬೇಡಿ.

ವಿಶ್ವಾಸ ಕಳೆದುಕೊಂಡಿದ್ದರೂ ಪದ್ಧತಿ ಬಿಡದ, ತಮ್ಮ ವಿಶ್ವಾಸಿ,
ಮಾರ್ಲಿಸ್ ಹಾಗ್ಲುಂಡ್

ತಾ.ಕ.: ತಾವು ಹೊರಡುವ ಲಕ್ಷಣ ಕಾಣದ್ದರಿಂದ ನಾನೇ ಹೋಗಿ ಒಂದಕ್ಷರ ಬಿಡದೆ ಹೇಳಿದೆ. ಐರೀನ್ ಕಾಫಿ ಬಗ್ಗಿಸುತ್ತಾ ನಕ್ಕರು: “ನನ್ನ ಸಮಾಧಾನಕ್ಕೆ ಹೇಳ್ತಿದೀಯ, ನೀನು ಒಳ್ಳೇವಳು. ನಮ್ಮ ಆರ್ವಿಡ್ ಅಂಥ ಮಾತಾಡೋರಲ್ಲ ಕಣೇ.” ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಎಲ್ಲ ತಮ್ಮ ದಯೆ.