ಆಷಾಢದ ಕಾಗದ

“ನಾ ಸುಳ್ಳು ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ!” ಅಕ್ಕನಾಗಮ್ಮ ಹಾಳೆಯನ್ನು ತಮ್ಮನ ತೊಡೆಯ ಮೇಲೆ ಬಿಸಾಡಿದಳು.

ಕಥೆಗಾರ ಜಂಬುನಾಥನಿಗೆ ನಾಳೆ ಹೊಸಪೇಟೆಯಲ್ಲಿ ಸನ್ಮಾನ. ಅವನ ಬಾಲ್ಯದ ಬಗ್ಗೆ ಎರಡು ಮಾತಾಡಲೆಂದು ಸಂಡೂರಿನಿಂದ ಅಕ್ಕನನ್ನು ಕರೆಸಿದ್ದ. ಆ ಎರಡು ಮಾತನ್ನೂ ಪುಣ್ಯಾತ್ಮ ತಾನೇ ಬರೆದಿಟ್ಟಿದ್ದ!

“ಇದ್ರಾಗ ಸುಳ್ಳೇನೈತಿ, ಅಕ್ಕಾ?”

“ಬೀದಿ ದೀಪದ ಕೆಳಗ ಓದಿದ್ನಂತ! ನಮ್ಮ ಕಂಪ್ಲಿ ಮನಿಯಾಗ ಕರೆಂಟ್ ಇತ್ತಲ್ಲಲೇ. ಹೊಳಿ ದಂಡ್ಯಾಗ ಕುಂತು ಧ್ಯಾನ ಮಾಡ್ತಿದ್ನಂತ! ಅಲ್ಲಿ ನೀ ಮಂದಿ ತ್ವಾಟದ ಬಾಳಿಹಣ್ಣು ಕದ್ದು ತಿಂತಿದ್ದಿ.”

“ಸಾಹಿತಿ ಬಾಲ್ಯ ಅಂದ್ರ ಹಂಗ ಇರ್ಬೇಕು. ಸಭಾದಾಗ ಬಾಳಿಹಣ್ಣು ಅಂದ್ರ ನನ್ನ ಮಾನ ಹೋಗ್ತೈತಿ.”

“ಬ್ಯಾಡ ಬಿಡು. ಆಷಾಢದ ಕಾಗದದ ಸುದ್ದಿ ಹೇಳ್ತೀನಿ.”

ಜಂಬುನಾಥ ಗಡಬಡಿಸಿ ಎದ್ದು ನಿಂತ. ಅರವತ್ತು ತುಂಬಿದರೂ ಆ ಕಾಗದದ ಹೆಸರೆತ್ತಿದರೆ ಅವನ ಬೆನ್ನು ಉರಿಯುತ್ತಿತ್ತು.

“ನಿನ್ನ ಕಾಲಿಗೆ ಬೀಳ್ತೀನಿ, ಅದೊಂದು ಬ್ಯಾಡ!”

“ಯಾಕ ಬ್ಯಾಡ? ಲಗ್ನ ಆದ ಮೊದಲ ಆಷಾಢಕ್ಕ ತವರಿಗೆ ಬಂದಿದ್ದೆ. ಗಂಡಗ ನಾನ ಬರದ್ರ ಓಣಿ ಹೆಂಗಸ್ರು ನಗ್ತಾರಂತ ನಿನ್ನ ಕಡಿಂದ ಬರೆಸಿದೆ. ‘ಆರಾಮ ಅದೀನಿ’ ಅಂತ ಹೇಳಿದ್ರ ನೀ ಏನು ಬರದಿ?”

“‘ಅಕ್ಕ ಊಟ ಬಿಟ್ಟಾಳ, ನಿದ್ದಿಗಣ್ಣಾಗ ನಿಮ್ಮ ಹೆಸರು ಬಡಬಡಿಸ್ತಾಳ...’”

“ದಿನಾ ನಾಕು ರೊಟ್ಟಿ ತಿಂತಿದ್ದೆನಲ್ಲೋ! ಕಾಗದ ಮುಟ್ಟಿದ್ದ ತಡ, ನಿನ್ನ ಭಾವ ಮೊದಲ್ನೇ ಬಸ್ಸಿಗೆ ಓಡಿ ಬಂದ್ರು. ಆಷಾಢದಾಗ ಅಳಿಯ ಅತ್ತಿ ಮನಿ ಹೊಸ್ತಿಲ ದಾಟಬಾರದಂತ ಅಜ್ಜಿ ಅವ್ರನ್ನ ಸಂಜಿತನಕ ಕಟ್ಟಿ ಮ್ಯಾಲ ಕುಂದ್ರಿಸಿದ್ಲು.”

“ಅಪ್ಪ ನನಗ ಬಾರಕೋಲು ತಗೊಂಡು ಬಾರಿಸಿದ.”

“ಆದ್ರೂ ಚಟ ಬಿಡ್ಲಿಲ್ಲ. ನಿನ್ನ ಮೂವತ್ತು ಕಥಿ ಓದೀನಿ, ಒಬ್ಬ ಹೆಣ್ಮಗಳೂ ಹೊಟ್ಟಿ ತುಂಬ ಉಂಡಿಲ್ಲ!”

ಜಂಬುನಾಥ ಮುಖ ಸಣ್ಣದು ಮಾಡಿಕೊಂಡ. “ತಪ್ಪಾತಕ್ಕಾ. ಇಷ್ಟು ವರ್ಷ ಮನಸಿನಾಗ ಕೊರೀತೈತಿ. ನಿನಗ ಗೊತ್ತಿಲ್ದಂಗ ಬರದು ನಿನ್ನ ಮಾನ ಕಳದೆ.”

“ಗೊತ್ತಿಲ್ದಂಗ ಅಂತ ಯಾರು ಹೇಳಿದ್ರು? ನಾ ಏಳ್ನೇತ್ತ ಪಾಸಾದಾಕಿ. ಟಪಾಲ ಡಬ್ಬಿಗೆ ಹಾಕೂ ಮುಂದ ಎರಡು ಸಲ ಓದೀನಿ.”

“ಓದಿ... ಹರೀಲಿಲ್ಲ?”

“ಯಾಕ ಹರೀಲಿ? ಭಾಳ ಛಂದ ಬರದಿದ್ದಿ. ಅವ್ರೂ ಬಂದ್ರಲ್ಲ!” ನಗು ತಡೆಯಲಾರದೆ ಅಕ್ಕನಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಯ್ಯೋ ಶಿವನ! ಏಟು ನಾನೊಬ್ಬನ ತಿಂದೆನಲ್ಲ?”

“ಬರದಾಂವ ತಿನ್ಬೇಕು, ಜಂಬು. ಓದಿದಾಕಿ ಯಾಕ ತಿನ್ಬೇಕು?”